ಮೇಣ ತುಂಬಿದ ಹಲ್ಲು

ಹೋದ ವಾರ ನಮ್ಮ ಓಣಿಯ ಬೇವಿನ ಗಿಡದ ಕೆಳಗೆ ಬಾಚಣಿಕೆ ಮಾರುವವನೊಬ್ಬ ಬಂದು ಕೂತಿದ್ದ. ಎಲುಬಿನ ತುಂಡೊಂದನ್ನು ಕಾಲ್ಬೆರಳಿನ ಸಂದಿಯಲ್ಲಿ ಹಿಡಿದು ಅರದಿಂದ ತಿಕ್ಕುತ್ತಿದ್ದ. ಬಿಳಿಯ ಪುಡಿ ಅವನ ಪಾದದ ಮೇಲೆ ಉದುರುತ್ತಿತ್ತು. ನಾನು ಕಟ್ಟೆಯ ಮೇಲೆ ಕಡಲೆ ಆರಿಸುತ್ತಿದ್ದೆ. ಆ ಪುಡಿಯ ವಾಸನೆ ಮೂಗಿಗೆ ಬಂದದ್ದೇ ತಡ, ಮೊರವನ್ನು ಅಲ್ಲೇ ಬಿಟ್ಟು ಒಳಗೆ ಬಂದು ಗೋಡೆಗೆ ಒರಗಿ ನಿಂತೆ. ಮೊಮ್ಮಗಳು ಸರಸು ಹಿಂದೆಯೇ ಓಡಿ ಬಂದು, "ಯಾಕ ಆಯಿ, ಏನಾತು?" ಅಂತ ಕೇಳಿದಳು. ಏನೂ ಇಲ್ಲ ಅಂದೆ. ಆದರೆ ಆ ಹುಡುಗಿ ಬಿಡುವವಳಲ್ಲ. ಮೂರು ದಿನ ಕೇಳಿದಳು. ಮೊಮ್ಮಕ್ಕಳಾದ ನಿಮ್ಮೆದುರಿಗೆ ಕೂತು ಇಷ್ಟುದ್ದ ಹೇಳುವುದು ನನ್ನಿಂದ ಆಗುವುದಿಲ್ಲ, ನಾಲ್ಕು ಮಂದಿ ಕೂಡಿದರೆ ಇಂದಿಗೂ ನನ್ನ ನಾಲಿಗೆ ಏಳುವುದಿಲ್ಲ. ಅಯ್ಯನವರ ಸಾಲಿಯಲ್ಲಿ ಗಂಡುಹುಡುಗರ ಹಿಂದೆ ಕೂತು ಎರಡು ವರ್ಷ ಮರಳಿನಲ್ಲಿ ತಿದ್ದಿದ ಅಕ್ಷರ ಕೈಯಲ್ಲಿದೆ. ಅದರಿಂದಲೇ ಬರೆಯುತ್ತೇನೆ.

ನಿಮಗೆಲ್ಲ ನಾವು ಬಂಗಾರದ ಕೆಲಸದ ಪತ್ತಾರರು ಅಂತಷ್ಟೇ ಗೊತ್ತು. ಆಗ ನಮ್ಮಲ್ಲಿ ಒಂಬತ್ತು ಮನೆಗಳವರು ಹಲ್ಲು ಕಟ್ಟುತ್ತಿದ್ದರು. ಗಜೇಂದ್ರಗಡದಲ್ಲಿ ನಾಲ್ಕು ಮನೆ, ನರಗುಂದದಲ್ಲಿ ಮೂರು, ರೋಣದಲ್ಲಿ ಎರಡು. ಹಲ್ಲು ಬಿದ್ದವರಿಗೆ ಆನೆಯ ದಂತದಲ್ಲಿ ಹಲ್ಲು ಕೊರೆದು, ಕೂದಲೆಳೆಯಂಥ ಬಂಗಾರದ ತಂತಿಯಿಂದ ಪಕ್ಕದ ಹಲ್ಲಿಗೆ ಬಿಗಿಯುವುದು ಆ ಕೆಲಸ. ಈ ಒಂಬತ್ತು ಮನೆಗಳಿಗೆ ಒಂದು ದೈವ ಇತ್ತು. ನಮ್ಮ ಕಡೆ ದೈವ ಅಂದರೆ ದೇವರಷ್ಟೇ ಅಲ್ಲ, ಒಂದು ಕಸುಬಿನ ಹಿರಿಯರು ಕೂಡಿ ಕೂತರೆ ಅದೂ ದೈವವೇ. ಅವರು ಕೂತು ಹೇಳಿದ ಮಾತಿಗೆ ಎದುರಾಡುವವರಿರಲಿಲ್ಲ.

ದೈವದ ಕಟ್ಟಳೆಗಳು ಬಿಗಿಯಾಗಿದ್ದವು. ಪ್ರತಿ ಮನೆಗೂ ಒಂದೊಂದು ಮುದ್ರೆ. ಕೊರೆದ ಹಲ್ಲಿನ ಒಳಮೈಗೆ, ನಾಲಿಗೆಯ ಕಡೆಗೆ, ಸಾಸಿವೆಯಷ್ಟು ಸಣ್ಣಗೆ ಆ ಮುದ್ರೆ ಒತ್ತಬೇಕು. ನನ್ನ ತವರಿನದು ಬಿಲ್ವಪತ್ರೆ, ಅತ್ತೆಮನೆಯದು ಮೀನು. ಹಲ್ಲು ಕಟ್ಟಿದ ಮೇಲೆ ಕಟ್ಟಿಸಿಕೊಂಡವರು ಊರಿನ ಹಿರಿಯ ಪತ್ತಾರರ ಮುಂದೆ ಕೂತು ಖಡಕ್ ರೊಟ್ಟಿ ಕಡಿದು ತೋರಿಸಬೇಕು. ರೊಟ್ಟಿ ಮುರಿದು ಹಲ್ಲು ಉಳಿದರೆ ಕೆಲಸ ಪಾಸು. ಇನ್ನು ದಂತ. ಅದನ್ನು ಯಾರೂ ತಮ್ಮ ತಮ್ಮಷ್ಟಕ್ಕೆ ತರಿಸುವಂತಿರಲಿಲ್ಲ. ವರ್ಷಕ್ಕೊಮ್ಮೆ ದೈವವೇ ತರಿಸಿ ಒಂದು ಪೆಟ್ಟಿಗೆಯಲ್ಲಿ ಇಟ್ಟು, ಒಂಬತ್ತು ಮನೆಗೂ ಅಲ್ಲಿಂದಲೇ ಹಂಚುತ್ತಿತ್ತು. ಪೆಟ್ಟಿಗೆಗೆ ಎರಡು ಕೀಲಿ. ಒಂದು ದೈವದ ಹಿರಿಯರಾದ ನನ್ನ ಮಾವ ಮೌನಪ್ಪನವರ ಉಡಿದಾರದಲ್ಲಿ, ಇನ್ನೊಂದು ನರಗುಂದದ ಬ್ರಹ್ಮಪ್ಪನವರ ಹತ್ತಿರ. ಇಬ್ಬರೂ ಕೂಡಿದರೆ ಮಾತ್ರ ಅದು ತೆರೆಯಬೇಕು. ಪೆಟ್ಟಿಗೆ ಇದ್ದದ್ದು ಗಜೇಂದ್ರಗಡದ ನಮ್ಮ ಮನೆಯ ದೇವರ ಕೋಣೆಯಲ್ಲಿ.

ಇಷ್ಟು ಕಟ್ಟುನಿಟ್ಟು ಯಾಕೆಂದರೆ ಇದು ಬಾಯೊಳಗಿನ ಕೆಲಸ. ಆನೆಯ ದಂತ ದೇವರ ಪೀಠಕ್ಕೂ ಸಲ್ಲುತ್ತದೆ. ಆದರೆ ಸತ್ತ ದನದ ಎಲುಬು ಅಂಗಳದಲ್ಲಿ ಬಿದ್ದರೂ ನೀರು ಹಾಕಿ ತೊಳೆಯುವ ಮಂದಿ ನಮ್ಮ ಗಿರಾಕಿಗಳು. ಲಿಂಗ ಕಟ್ಟಿಕೊಂಡವರು, ಮಡಿ ಉಡುವವರು. ದೈವದ ಪೆಟ್ಟಿಗೆಯ ದಂತ ಅಂದರೆ ಸಾಕು, ಅವರು ಕಣ್ಣು ಮುಚ್ಚಿ ಬಾಯಿ ತೆರೆಯುತ್ತಿದ್ದರು.

ನಾನು ಹೇಳುತ್ತಿರುವುದು ನರಗುಂದದ ಅರಸರು ಇಂಗ್ರೇಜಿ ಸರಕಾರದ ಮೇಲೆ ಎದ್ದು ದೊಡ್ಡ ಗದ್ದಲ ಆಗುವುದಕ್ಕೆ ಮುಂಚಿನ ಚಳಿಗಾಲ. ನನಗೆ ಹದಿನಾರು. ರೋಣದಿಂದ ಗಜೇಂದ್ರಗಡದ ಈ ಮನೆಗೆ ಸೊಸೆಯಾಗಿ ನಡೆಯಲು ಬಂದು ಎರಡು ವರ್ಷವಾಗಿತ್ತು. ಮಾವನವರ ಎದುರಿಗೆ ಒಂದು ಮಾತೂ ಆಡಿದವಳಲ್ಲ. ಅವರು ಪಡಸಾಲೆಗೆ ಬಂದರೆ ನಾನು ಅಡಿಗೆಮನೆ, ಅವರು ಅಡಿಗೆಮನೆಗೆ ಬಂದರೆ ನಾನು ಹಿತ್ತಲು.

ಗಂಡಸರು ಹಲ್ಲು ಕೊರೆಯುತ್ತಿದ್ದರು, ಮುದ್ರೆ ಒತ್ತುತ್ತಿದ್ದರು, ತಂತಿ ಎಳೆಯುತ್ತಿದ್ದರು. ನಡುವೆ ಒಂದು ಕೆಲಸ ಹೆಂಗಸರದು. ಕೊರೆದ ಹಲ್ಲನ್ನು ಸೋಸಿದ ಬೂದಿಯಲ್ಲಿ, ಆಮೇಲೆ ಎಣ್ಣೆ ಅರಿವೆಯಲ್ಲಿ ಗಂಟೆಗಟ್ಟಲೆ ತಿಕ್ಕಿ ಹೊಳಪು ತರಬೇಕು. ತಿಕ್ಕುವಾಗ ದಂತದಲ್ಲಿ ಎಳೆಯಂಥ ಬಿರುಕು ಕಂಡರೆ ಜೇನುಮೇಣ ಬೆಚ್ಚಗೆ ಮಾಡಿ ಬೆರಳಿನಿಂದ ಒತ್ತಿ ತುಂಬಿಬಿಡುವುದು. ಇದು ಹೆಂಗಸರ ಕೈಚಳಕ, ತಾಯಿಯಿಂದ ಮಗಳಿಗೆ ಬಂದದ್ದು. ನನ್ನವ್ವ ನನಗೆ ಹತ್ತನೆಯ ವರ್ಷಕ್ಕೇ ಕಲಿಸಿದ್ದಳು. ಗಂಡಸರು ಇದನ್ನು ಕೇಳಿದವರಲ್ಲ, ಹೆಂಗಸರು ಹೇಳಿದವರಲ್ಲ. ಹಲ್ಲು ಹೊಳೆಯುತ್ತ ಬಂದರೆ ಅವರಿಗೆ ಸಾಕಾಗಿತ್ತು.

ಆ ವರ್ಷ ಉತ್ತರದ ದಾರಿಗಳೆಲ್ಲ ಕೆಟ್ಟಿದ್ದವು. ಸಿಪಾಯಿಗಳ ಬಂದೂಕಿನ ಕಾಡತೂಸಿಗೆ ಆಕಳ ಕೊಬ್ಬು, ಹಂದಿಯ ಕೊಬ್ಬು ಬಳಿದಿದ್ದಾರಂತೆ, ಅದನ್ನು ಹಲ್ಲಿನಿಂದ ಕಚ್ಚಿಸಿ ಎಲ್ಲರ ಜಾತಿ ಕೆಡಿಸುತ್ತಾರಂತೆ ಅನ್ನುವ ಸುದ್ದಿ ಸಂತೆಗೆ ಸಂತೆ ದಾಟಿ ನಮ್ಮ ಬಾವಿಕಟ್ಟೆಗೂ ಬಂದಿತ್ತು. ಯಾರ ಮನೆಯಲ್ಲಿ ಏನು ತಿನ್ನುವುದಕ್ಕೂ ಮಂದಿ ಹಿಂದೆ ಮುಂದೆ ನೋಡುತ್ತಿದ್ದರು. ಪ್ರತಿ ದಸರೆಗೆ ದೈವಕ್ಕೆ ಇಡಿಯ ಕೊಂಬಾಗಿ ಬರುತ್ತಿದ್ದ ದಂತ ಆ ಸಲ ಬರಲಿಲ್ಲ. ಕರಾವಳಿಯ ಕಡೆಯ ವ್ಯಾಪಾರಿಯೊಬ್ಬ ಕೊಯ್ದ ತುಂಡುಗಳನ್ನೇ ಚೀಲದಲ್ಲಿ ತಂದ. ಇಡೀ ಕೊಂಬು ಹೊತ್ತು ಬಂದರೆ ದಾರಿಯಲ್ಲಿ ಕಸಿದುಕೊಳ್ಳುತ್ತಾರೆ, ಅದಕ್ಕೇ ಕೊಯ್ದು ತಂದೆ ಅಂದ. ಹಿರಿಯರು ತುಂಡುಗಳನ್ನು ಕೈಯಲ್ಲಿ ತೂಗಿದರು, ಕಲ್ಲಿಗೆ ಬಡಿದು ಸಪ್ಪಳ ಕೇಳಿದರು, ಮೇಲಿದ್ದ ನಾಲ್ಕಾರು ಕೊಯ್ದು ನೋಡಿದರು. ಬಂಗಾರವಾಗಿದ್ದರೆ ಒರೆಗಲ್ಲಿಗೆ ತಿಕ್ಕಿ ತಿಳಿಯುತ್ತಿದ್ದರು. ದಂತಕ್ಕೆ ಒರೆಗಲ್ಲು ಇರಲಿಲ್ಲ. ಇಡೀ ಕೊಂಬು ಕಣ್ಣಿಗೆ ಕಾಣುತ್ತಿದ್ದಷ್ಟು ದಿನ ಅದು ಬೇಕೂ ಆಗಿರಲಿಲ್ಲ. ತುಂಡುಗಳು ಪೆಟ್ಟಿಗೆ ಸೇರಿದವು, ಎರಡೂ ಕೀಲಿ ತಿರುಗಿದವು. ದೈವದ ಪೆಟ್ಟಿಗೆಯೊಳಗೆ ಹೋಯಿತೆಂದರೆ ಅದು ದಂತವೇ.

ಹೊಸ ಮಾಲಿನಿಂದ ಮೊದಲ ಜೋಡಿ ಹಲ್ಲನ್ನು ಮಾವನವರು ತಮಗೇ ಮಾಡಿಕೊಂಡರು. ಕೆಳಗಿನ ಎರಡು ಮುಂದಿನ ಹಲ್ಲು. ದೈವದ ಹಿರಿಯನ ಬಾಯಿಯೇ ದೈವದ ಅಂಗಡಿ ಅಂತ ನಗುತ್ತಿದ್ದರು.

ಅವನ್ನು ತಿಕ್ಕಿದವಳು ನಾನು. ಬೂದಿ ತೊಳೆದು ಬೆಳಕಿಗೆ ಹಿಡಿದಾಗ ಸೂಜಿಯ ಮೊನೆಯಿಂದ ಚುಚ್ಚಿದಂಥ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು ಕಂಡವು. ದಂತದಲ್ಲಿ ಹಾಗೆ ಇರುವುದಿಲ್ಲ. ದಂತದ ಒಳಗೆ ಬಲೆ ಹೆಣೆದಂತೆ ಎಳೆಗಳು ಒಂದನ್ನೊಂದು ದಾಟಿ ಹೋಗುತ್ತವೆ. ಇಲ್ಲಿ ಎಳೆಗಳಿಲ್ಲ, ತೂತುಗಳಿವೆ. ಅತ್ತೆಗೆ ತೋರಿಸಿದೆ. ಅವರು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡಿ, ಈ ವರ್ಷದ ಆನೆ ಬಡಕಲು ಇದ್ದಿರಬೇಕು, ಮೇಣ ತುಂಬು, ಅಂದರು. ತುಂಬಿದೆ. ಚುಕ್ಕೆ ಹೋಯಿತು. ಆಮೇಲೆ ಬಂದ ಹಲ್ಲುಗಳಲ್ಲಿ ಕೆಲವಕ್ಕೆ ಚುಕ್ಕೆ ಇದ್ದವು, ಕೆಲವಕ್ಕೆ ಇರಲಿಲ್ಲ. ಇದ್ದವಕ್ಕೆಲ್ಲ ತುಂಬಿದೆ. ತಿಕ್ಕುವಾಗ ಏಳುವ ಪುಡಿಯ ವಾಸನೆಯೂ ಬೇರೆಯಾಗಿತ್ತು. ಅದು ಯಾವುದರ ವಾಸನೆ ಅಂತ ನನ್ನ ಮೂಗಿಗೆ ಗೊತ್ತಿತ್ತು. ನಾನು ಮೂಗಿಗೆ ಸೆರಗು ಕಟ್ಟಿಕೊಂಡೆ.

ಇದನ್ನೂ ಬರೆಯಬೇಕು. ನನಗೆ ಅನುಮಾನ ಇತ್ತು. ನಾನು ತುಂಬಿದೆ.

ಪುಷ್ಯಮಾಸದಲ್ಲಿ ಎರೆಹೊಲಗಳ ಬಿಳಿಜೋಳ ಹಾಲುಗಾಳಾಯಿತು. ಸೀತನಿಯ ಕಾಲ. ಎಳೆ ತೆನೆ ಸುಟ್ಟು ತಿಕ್ಕಿದ ಸೀತನಿ ತಿನ್ನಲು ಆಸೆಪಟ್ಟು ಹಲ್ಲಿಲ್ಲದ ಮುದುಕರೆಲ್ಲ ನಮ್ಮ ಕಟ್ಟೆಗೆ ಬಂದು ಕೂಡುವ ಕಾಲ. ಅಸೂಟಿಯ ಫಕೀರಗೌಡರು ಎರಡು ವರ್ಷ ಅಂಬಲಿಯ ಮೇಲೆ ದಿನ ದೂಡಿದವರು, ನಾಲ್ಕು ಹಲ್ಲು ಕಟ್ಟಿಸಿಕೊಂಡರು. ರೊಟ್ಟಿ ಪರೀಕ್ಷೆಗೆ ಕೂತವರು ಮೊದಲ ರೊಟ್ಟಿಯನ್ನು ಕಟಕಟ ಕಡಿದು ಮುಗಿಸಿ, ಇನ್ನೊಂದು ತರಸು, ಇದು ಮೆತ್ತಗಿತ್ತು, ಅಂದರು. "ಗೌಡ್ರ, ಇದು ಪರೀಕ್ಷಾ ಐತ್ರಿ, ಊಟ ಅಲ್ಲ," ಅಂತ ಮಾವನವರು ಹೇಳಿದರೆ ಗೌಡರು ತಲೆ ಎತ್ತಲಿಲ್ಲ. "ಪರೀಕ್ಷಾ ನಿನ್ನ ಹಲ್ಲಿಂದೋ, ನನ್ನ ಹೊಟ್ಟೀದೋ ಮೌನಪ್ಪ? ಚಟ್ನಿ ಇದ್ರ ಅದನ್ನೂ ತರಸು." ಕಟ್ಟೆಯ ತುಂಬ ನಗು. ಬಾಗಿಲ ಹಿಂದೆ ನಾನೂ ನಕ್ಕೆ. ಆ ನಾಲ್ಕು ಹಲ್ಲುಗಳಲ್ಲಿ ಮೂರಕ್ಕೆ ನಾನೇ ಮೇಣ ತುಂಬಿದ್ದೆ.

ಸಂಕ್ರಮಣವಾಗಿ ಎಂಟು ದಿನಕ್ಕೆ ನರಗುಂದದ ಅರಳೆ ವ್ಯಾಪಾರಿ ಶಿವಲಿಂಗಪ್ಪ ಕುದುರೆ ಏರಿ ಬಂದ. ಮನೆಯೊಳಗೆ ಬರಲಿಲ್ಲ, ನೀರು ಕೊಟ್ಟರೆ ಮುಟ್ಟಲಿಲ್ಲ. ಅಂಗಳದಲ್ಲೇ ನಿಂತು ಒಂದು ಅರಿವೆಯ ಗಂಟು ಬಿಚ್ಚಿ ಕಟ್ಟೆಯ ಮೇಲೆ ಎಸೆದ. ಅದರಲ್ಲಿ ಅವನ ತಾಯಿ ನೀಲವ್ವನ ಮೂರು ಹಲ್ಲುಗಳು ತಂತಿಯ ಸಮೇತ ಇದ್ದವು. ರೋಣದಲ್ಲಿ ಕಟ್ಟಿಸಿದ್ದು. ಒಳಮೈಯಲ್ಲಿ ಬಿಲ್ವಪತ್ರೆ.

ನೀಲವ್ವನಿಗೆ ನೆಗಡಿಯಾಗಿ ವಾರವಿಡೀ ಸುಡುಸುಡು ಶುಂಠಿ ಕಷಾಯ ಕುಡಿದಿದ್ದಾಳೆ. ಹಲ್ಲಿನ ಮೇಲೆ ಕರಿ ಚುಕ್ಕೆ ಎದ್ದಿವೆ, ಬಾಯಿ ನಾರತೊಡಗಿದೆ. ಚೂರಿಗೆ ಹಿಡಿಕೆ ಮಾಡುವ ಒಬ್ಬನಿಗೆ ಮಗ ಅದನ್ನು ತೋರಿಸಿದರೆ, ಅವನು ಒಂದೇ ಸಲ ನೋಡಿ, ಇದು ದನದ ತೊಡೆಯ ಎಲುಬು, ಅಂದಿದ್ದಾನೆ. ನೀಲವ್ವ ಮೂರು ದಿನದಿಂದ ನೀರೂ ಕುಡಿಯದೆ, ಇಷ್ಟಲಿಂಗವನ್ನು ಮುಟ್ಟದೆ ಮೂಲೆಯಲ್ಲಿ ಕೂತಿದ್ದಾಳೆ. ಶಿವಲಿಂಗಪ್ಪ ಇದನ್ನೆಲ್ಲ ದನಿ ಏರಿಸದೆ ಹೇಳಿದ. ಅದರಿಂದಲೇ ಹೆಚ್ಚು ಅಂಜಿಕೆಯಾಯಿತು. ಹೋಗುವಾಗ ಅಂದ: "ಸೋಮವಾರಕ್ಕ ಬರ್ತೀನಿ. ಯಾರು ಮಾಡ್ಯಾರ ಅಂತ ನಿಮ್ಮ ದೈವ ಹೇಳಬೇಕು. ಹೇಳಲಿಲ್ಲ ಅಂದ್ರ ಈ ಗಂಟು ನರಗುಂದದ ಚಾವಡಿ ಮುಂದ ಬಿಚ್ಚತೀನಿ. ಕಾಡತೂಸು ಎಲ್ಲೋ ದೂರ ಐತಿ ಅಂತಿದ್ರು ಮಂದಿ. ಪತ್ತಾರರು ಮನಿ ಬಾಗಲಕ್ಕ ತಂದಾರ ಅಂತ ತೋರಸ್ತೀನಿ."

ನಾನು ಕೈಯಲ್ಲಿದ್ದ ತಂಬಿಗೆಯನ್ನು ಎಲ್ಲಿ ಇಟ್ಟೆನೋ ಗೊತ್ತಿಲ್ಲ. ಬಿಲ್ವಪತ್ರೆ ನನ್ನ ಅಪ್ಪನ ಮುದ್ರೆ. ನೀಲವ್ವನ ಹಲ್ಲು ಕೊರೆದವನು ನನ್ನ ಅಪ್ಪ, ರೋಣದ ಕಾಳಪ್ಪ.

ಸೋಮವಾರ ದೈವ ಕೂಡಿತು. ಅಪ್ಪ ರೋಣದಿಂದ ನಸುಕಿನಲ್ಲಿ ಹೊರಟು, ರಾಜೂರದವರ ಬಂಡಿ ಹತ್ತಿ ಬಂದಿದ್ದ. ದೈವ ಕರೆದಿದೆ ಅಂತಷ್ಟೇ ಅವನಿಗೆ ಗೊತ್ತು, ಯಾಕೆ ಅಂತ ಗೊತ್ತಿಲ್ಲ. ಬಾವಿಯ ಹತ್ತಿರ ನನ್ನನ್ನು ಕಂಡವನೇ ಹೆಗಲ ಮೇಲಿನ ಗಂಟಿನಿಂದ ಸೀತನಿ ತೆಗೆದು ನನ್ನ ಉಡಿಗೆ ಸುರಿದ. ಬೆಲ್ಲ ಬೆರೆಸಿದ್ದಳು ಅವ್ವ. "ತಿನ್ನವ್ವ ಗಂಗವ್ವ. ನಿಮ್ಮ ಮನ್ಯಾಗ ಊರ ಮಂದಿ ಹಲ್ಲು ಹೊಳಸಿ ಹೊಳಸಿ ನಿನ್ನ ಹಲ್ಲು ಕಟ್ಟಿಗ್ಯಾಗಿರಬೇಕು," ಅಂತ ನಕ್ಕ. ಅಪ್ಪ ಹಾಗೇ. ಯಾರನ್ನಾದರೂ ನಗಿಸದೆ ಒಂದು ಗಳಿಗೆ ಇರಲಾರ. ನಾನು ಹೇಳಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಬ್ರಹ್ಮಪ್ಪನವರು ಪಡಸಾಲೆಯಿಂದ ಕೂಗಿದರು. ಅಪ್ಪ ಹೋದ.

ಪಡಸಾಲೆಯಲ್ಲಿ ಒಂಬತ್ತು ಮನೆಗಳ ಒಂಬತ್ತು ಜನ. ಮಾವನವರ ಮಗ, ನಿಮ್ಮ ಅಜ್ಜ, ಹಿರಿಯರ ಹಿಂದೆ ಕಂಬಕ್ಕೆ ಆತು ನಿಂತಿದ್ದರು. ಶಿವಲಿಂಗಪ್ಪ ಬಂದಿದ್ದ, ಅವನನ್ನು ಕಾಳಮ್ಮನ ಗುಡಿಯ ಕಟ್ಟೆಯಲ್ಲಿ ಕೂರಿಸಿದ್ದರು. ದೈವದ ಮಾತು ಮುಗಿಯುವ ತನಕ ಹೊರಗಿನವರು ಒಳಗೆ ಬರುವಂತಿಲ್ಲ. ನಾನು, ಅತ್ತೆ ಅಡಿಗೆಮನೆಯ ಬಾಗಿಲ ಹಿಂದೆ ಇದ್ದೆವು.

ಮಾವನವರು ಹಲ್ಲುಗಳನ್ನು ತಾಮ್ರದ ತಾಟಿನಲ್ಲಿ ಇಟ್ಟು ಅಪ್ಪನ ಮುಂದೆ ಸರಿಸಿದರು. ಮುದ್ರೆ ಯಾರದು ಅಂತ ಕೇಳಿದರು. ಅಪ್ಪ ಎತ್ತಿ ನೋಡಿ ನನ್ನದೇ ಅಂದ. ಇದು ದಂತವೋ ಎಲುಬೋ ಅಂತ ಕೇಳಿದರು. ಅಪ್ಪ ಬಹಳ ಹೊತ್ತು ನೋಡಿದ. ಬೆಳಕಿಗೆ ಹಿಡಿದ, ಉಗುರಿನಿಂದ ಕೆರೆದ, ಮೂಸಿದ. ಅವನ ಮುಖದ ಬಣ್ಣ ಇಳಿದು ಹೋದದ್ದನ್ನು ನಾನು ಬಾಗಿಲ ಸಂದಿನಿಂದ ಕಂಡೆ. ಎಲುಬು, ಅಂದ. ಆದರೆ ನಾನು ದೈವದ ಪೆಟ್ಟಿಗೆಯಿಂದ ಕೊಟ್ಟದ್ದನ್ನೇ ಕೊರೆದಿದ್ದೇನೆ, ಅಂದ.

ಬ್ರಹ್ಮಪ್ಪನವರ ನಾಲಿಗೆ ಮೊದಲೇ ಚೂಪು. ಪೆಟ್ಟಿಗೆಯ ದಂತವನ್ನು ಬೇರೆ ಕಡೆ ಮಾರಿ, ಸಂತೆಯಲ್ಲಿ ಎಲುಬು ತಂದು ಕೊರೆದಿದ್ದಾನೆ ಅಂದರು. ಮಂದಿ ನಗಿಸಿ ನಗಿಸಿ ಬಾಯಿ ತೆರೆಸುವವನು ಏನು ಹಾಕಿದರೂ ಯಾರಿಗೆ ಗೊತ್ತಾಗುತ್ತದೆ ಅಂದರು. ಅಪ್ಪ ಇಲ್ಲ ಅಂದ. ಅವರು ಹೌದು ಅಂದರು. ಅಪ್ಪ ಮತ್ತೆ ಇಲ್ಲ ಅಂದ. ಅವನು ಹೇಳಿದ್ದು ಅದೊಂದೇ ಮಾತು, ಹತ್ತು ಸಲವೋ ಹನ್ನೆರಡು ಸಲವೋ. ಕೊನೆಗೆ ಮಾವನವರು ತಲೆ ತಗ್ಗಿಸಿ, ಎರಡು ಕೀಲಿಯ ಪೆಟ್ಟಿಗೆ ಸುಳ್ಳಾಗುವುದಿಲ್ಲ ಕಾಳಪ್ಪ, ಅಂದರು. ಅಲ್ಲಿಗೆ ಮುಗಿದಂತೆಯೇ. ದೈವದಿಂದ ಹೊರಗೆ ಹಾಕಿದರೆ ಮೂರು ಊರಿನಲ್ಲಿ ಯಾವ ಪತ್ತಾರನೂ ಅವನ ಕೂಡ ಕೂರುವುದಿಲ್ಲ, ಯಾವ ಗಿರಾಕಿಯೂ ಅವನ ಕೈಗೆ ಬಂಗಾರ ಕೊಡುವುದಿಲ್ಲ.

ನನ್ನ ಕಾಲು ಹೊಸ್ತಿಲು ದಾಟಿದ್ದು ನನಗೆ ತಿಳಿಯಲಿಲ್ಲ. ಅತ್ತೆ ಸೆರಗು ಹಿಡಿದು ಎಳೆದದ್ದು ತಿಳಿಯಿತು. ಪಡಸಾಲೆಯಲ್ಲಿ ಸೊಸೆ ಬಂದು ನಿಂತದ್ದನ್ನು ನೋಡಿ ಎಲ್ಲರೂ ತಲೆ ಎತ್ತಿದರು. ನಾನು ತಾಮ್ರದ ತಾಟನ್ನು ನೋಡುತ್ತ ಹೇಳಿದೆ. ಯಾರ ಮುಖವನ್ನೂ ನೋಡಿದ್ದರೆ ಹೇಳಲು ಆಗುತ್ತಿರಲಿಲ್ಲ.

"ಎಲುಬು ಪೆಟ್ಟಿಗ್ಯಾಗಽ ಐತ್ರಿ. ದಸರಾದಾಗ ಬಂದ ತುಂಡಿನ್ಯಾಗಽ ಇತ್ತು. ಈ ಮನ್ಯಾಗ ಕೊರದ ಹಲ್ಲಿಗೂ ಚುಕ್ಕಿ ಅದಾವ್ರಿ. ನಾನು ಮೇಣ ತುಂಬಿ ಮುಚ್ಚೀನಿ."

ಮಾವನವರ ಕೈ ತಮ್ಮ ತುಟಿಯ ಹತ್ತಿರ ಹೋಗಿ ಅಲ್ಲೇ ನಿಂತಿತು. ಬ್ರಹ್ಮಪ್ಪನವರು ತಮ್ಮಷ್ಟಕ್ಕೆ ಎಣಿಸತೊಡಗಿದರು. ಅಸೂಟಿಯ ಗೌಡರು, ಹೊಳೆಆಲೂರಿನ ಜೋಶಿಯವರು, ನರಗುಂದದಲ್ಲಿ ಇಂಥಿಂಥವರು ಅಂತ. ನಲವತ್ತು ಬಾಯಿ ದಾಟಿತು. ಆಮೇಲೆ ಎಣಿಕೆ ನಿಲ್ಲಿಸಿದರು. ಕಾಡತೂಸಿನ ಈ ವರ್ಷದಲ್ಲಿ ನಲವತ್ತು ಮನೆಯವರು ಈ ಸುದ್ದಿ ಕೇಳಿದರೆ ಒಂಬತ್ತು ಮನೆಗಳಲ್ಲಿ ಒಂದೂ ಉಳಿಯುವುದಿಲ್ಲ ಅಂತ ಯಾರೋ ಪಿಸುಗುಟ್ಟಿದರು. ಅವರಲ್ಲೊಬ್ಬರು ನನ್ನ ಕಡೆ ತಿರುಗಿ, "ಮೇಣ ತುಂಬೋದು ನಿನಗ ಯಾರು ಹೇಳಿಕೊಟ್ರು?" ಅಂದರು.

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ನಕ್ಕ. ಆ ನಗು ನನಗೆ ಈಗಲೂ ಕೇಳುತ್ತದೆ, ಬಾವಿಯ ಹತ್ತಿರ ನಕ್ಕ ಅದೇ ನಗು.

"ಮಗಳು ಅಪ್ಪನ್ನ ಉಳಸಾಕ ಬಂದಾಳ್ರಿ, ಆಕಿ ಮಾತು ಏನ್ ಹಿಡಿತೀರಿ? ಪೆಟ್ಟಿಗಿ ಚಲೋ ಐತಿ. ನಾನಽ ಮಾಡೀನಿ. ಸಂತ್ಯಾಗ ಎಲುಬು ತಂದೆ, ಕೊರದೆ, ನೀಲವ್ವಗ ಕಟ್ಟಿದೆ. ಬರದುಕೊಳ್ರಿ."

ನಾನು ಅಪ್ಪ ಅಂತ ಕರೆದೆ. ಅವನು ನನ್ನ ಕಡೆ ನೋಡಲಿಲ್ಲ. ಅತ್ತೆ ಬಂದು ನನ್ನನ್ನು ರಟ್ಟೆ ಹಿಡಿದು ಒಳಗೆ ಕರೆದೊಯ್ದರು. ಒಲೆಯ ಮುಂದೆ ಕೂರಿಸಿದರು. ನನಗೆ ಅಳುವೂ ಬರಲಿಲ್ಲ. ಹತ್ತು ಸಲ ಇಲ್ಲ ಅಂದ ಮನುಷ್ಯ, ನಾನು ಅವನ ಪರವಾಗಿ ಮಾತಾಡಿದ ಕೂಡಲೇ ಹೌದು ಅಂದದ್ದು ಯಾಕೆ ಅಂತ ತಲೆಗೆ ಹತ್ತಲಿಲ್ಲ. ಎಂಟು ಜನರಲ್ಲಿ ಒಬ್ಬರೂ ಅವನನ್ನು ಎರಡನೆಯ ಸಲ ಕೇಳಲಿಲ್ಲ. ಬರೆದುಕೊಂಡರು.

ಶಿವಲಿಂಗಪ್ಪನನ್ನು ಕರೆಸಿದರು. ಅವನ ಎದುರಿಗೆ ಅಪ್ಪ ತನ್ನ ಮುದ್ರೆಯ ಉಕ್ಕಿನ ಕಡ್ಡಿಯನ್ನು ತಾನೇ ಅರಕ್ಕೆ ಹಿಡಿದು ಬಿಲ್ವಪತ್ರೆಯನ್ನು ತಿಕ್ಕಿ ಅಳಿಸಬೇಕಾಯಿತು. ಅದು ದೈವದಿಂದ ಹೊರಗೆ ಹಾಕುವ ರೀತಿ. ನಾನು ನೋಡಲಿಲ್ಲ. ಅರದ ಸಪ್ಪಳ ಒಲೆಯ ತನಕ ಕೇಳುತ್ತಿತ್ತು. ಅದು ನಿಂತ ಮೇಲೆ ಹೊರಗೆ ಹೋದರೆ ಅಪ್ಪ ಹೋಗಿಬಿಟ್ಟಿದ್ದ. ಶಿವಲಿಂಗಪ್ಪ ಆಗ ನೀರು ಕೇಳಿ ಕುಡಿದ. ಒಬ್ಬ ಕೆಟ್ಟವನು ಸಿಕ್ಕಿದ್ದಕ್ಕೆ ಅವನ ಸಿಟ್ಟು ಇಳಿದಿತ್ತು. ಮಠದ ಅಯ್ಯನವರು ನೀಲವ್ವನಿಗೆ ವಿಭೂತಿ ಹಚ್ಚಿ, ಪಾದೋದಕ ಕೊಟ್ಟು ಮೂಲೆಯಿಂದ ಎಬ್ಬಿಸಿದರು ಅಂತ ಆಮೇಲೆ ತಿಳಿಯಿತು.

ಮರುದಿನ ಬೆಳಿಗ್ಗೆ ನಾನು ಹಿತ್ತಲಿಗೆ ನೀರಿಗೆ ಹೋದೆ. ಬಚ್ಚಲ ಕಲ್ಲಿನ ಮೇಲೆ ಮಾವನವರು ಕುಕ್ಕರುಗಾಲಲ್ಲಿ ಕೂತಿದ್ದರು. ಕೈಯಲ್ಲಿ ಇಕ್ಕಳ. ಗಲ್ಲದಿಂದ ರಕ್ತ ಇಳಿದು ಧೋತರದ ಮೇಲೆ ಬೀಳುತ್ತಿತ್ತು. ತಮ್ಮ ಬಾಯಿಯ ತಂತಿಯನ್ನು ತಾವೇ ಕಿತ್ತಿದ್ದರು, ಅದರ ಜೊತೆಗೆ ಪಕ್ಕದ ತಮ್ಮ ಸ್ವಂತ ಹಲ್ಲೂ ಒಂದು ಬಂದಿತ್ತು. ನಾನು ಕೊಡ ಇಳಿಸದೆ ನಿಂತೆ. ಅವರು ಎದ್ದು ಬಂದು ಅಂಗೈ ಚಾಚಿದರು. ಕುದಿಯುವ ನೀರಿಗೆ ಹಾಕಿ ತೆಗೆದ ಎರಡು ಹಲ್ಲುಗಳು. ಮೇಣ ಕರಗಿ ಹೋಗಿತ್ತು. ಚುಕ್ಕೆಗಳು ಎದ್ದು ಕಾಣುತ್ತಿದ್ದವು.

ನನ್ನನ್ನು ಅವರು ಮೊದಲ ಸಲ ಮಾತಾಡಿಸಿದ್ದು ಆಗಲೇ. ಮುಂದಿನ ಹಲ್ಲಿಲ್ಲದ ಬಾಯಿಂದ ಗಾಳಿ ಸೋರುತ್ತಿತ್ತು. "ನೀ ಖರೇ ಹೇಳಿದ್ದಿ, ತಂಗಿ. ನಾ ನಿನ್ನೆ ನಂಬಲಿಲ್ಲ. ನಂಬಾಕ ಅಂಜಿದೆ."

ಆಮೇಲೆ ಆದದ್ದನ್ನು ನ್ಯಾಯವಾಗಿ ಬರೆಯಬೇಕು. ಮಾವನವರು ಬಾಯಿಗೆ ಅರಿವೆ ಕಟ್ಟಿಕೊಂಡೇ ಎಂಟು ಮನೆಯವರನ್ನು ಕೂಡಿಸಿದರು. ಪೆಟ್ಟಿಗೆ ತೆರೆಸಿ, ದೈವ ಹುಟ್ಟಿದಂದಿನಿಂದ ಮೊದಲ ಸಲ ನನ್ನನ್ನೂ ಅತ್ತೆಯನ್ನೂ ಅದರ ಮುಂದೆ ಕೂರಿಸಿದರು. ನಾವು ಒಂದೊಂದು ತುಂಡನ್ನೂ ತಿಕ್ಕಿ, ಬಿಸಿ ನೀರಲ್ಲಿ ಅದ್ದಿ, ಬೇರೆ ಮಾಡಿದೆವು. ಅರ್ಧಕ್ಕಿಂತ ಹೆಚ್ಚು ಎಲುಬು. ಅದನ್ನು ಬಂಡಿಯಲ್ಲಿ ಹೇರಿ ಹೊಳೆಆಲೂರಿನ ಹತ್ತಿರ ಮಲಪ್ರಭೆಗೆ ಬಿಟ್ಟರು. ಪತ್ತಾರರು ಊರೂರು ತಿರುಗಿದರು. ಈ ಸಲದ ತಂತಿ ಮೆತ್ತಗಾಗಿದೆ, ದೈವ ಪುಕ್ಕಟೆ ಬದಲು ಮಾಡಿಕೊಡುತ್ತದೆ, ಅಂತ ಹೇಳಿ ನಲವತ್ತೂ ಬಾಯಿಗಳಿಂದ ಹಳೆಯದನ್ನು ಕಿತ್ತು ಹೊಸದನ್ನು ಕಟ್ಟಿದರು. ದಂತ ಸಾಲದೆ ಬಂದಾಗ ತಮ್ಮ ತಮ್ಮ ಮನೆಯ ದೇವರ ದಂತದ ಪೀಠಗಳನ್ನು ಕೊಯ್ದರು. ಫಕೀರಗೌಡರು ಮತ್ತೆ ರೊಟ್ಟಿ ತಿನ್ನಲು ಸಿಗುತ್ತದಲ್ಲ ಅಂತ ಖುಷಿಯಿಂದ ಬಾಯಿ ತೆರೆದರಂತೆ. ಇನ್ನು ಮುಂದೆ ಪೆಟ್ಟಿಗೆ ಮುಚ್ಚುವ ಮೊದಲು ಹೊಳಪು ಮಾಡುವ ಹೆಂಗಸರು ನೋಡಬೇಕು ಅಂತ ಕಟ್ಟಳೆ ಆಯಿತು. ಇಷ್ಟನ್ನೂ ದೈವ ಮಾಡಿತು. ಬೇರೆ ಯಾರಿಂದಲೂ ಅದು ಆಗುತ್ತಿರಲಿಲ್ಲ.

ಒಂದನ್ನು ಮಾಡಲಿಲ್ಲ. ಅಪ್ಪನನ್ನು ಒಳಗೆ ಕರೆಯಲಿಲ್ಲ. ನಿಮ್ಮ ಅಜ್ಜನ ಬಾಯಿಂದ ಮಾವನವರನ್ನು ಕೇಳಿಸಿದೆ. ಈಗ ಅವನನ್ನು ಕರೆದರೆ ಯಾಕೆ ಅಂತ ಶಿವಲಿಂಗಪ್ಪ ಕೇಳುತ್ತಾನೆ, ಕೇಳಿದರೆ ನಲವತ್ತು ಬಾಯಿಯ ಸಂಗತಿ ಹೊರಗೆ ಬರುತ್ತದೆ, ಈ ವರ್ಷ ಬೇಡ, ಅಂದರು. ಆ ಬೇಸಿಗೆ ನರಗುಂದದಲ್ಲಿ ಏನಾಯಿತು ಅನ್ನುವುದು ನಿಮಗೆ ಗೊತ್ತು. ಶಿವಲಿಂಗಪ್ಪನ ಅರಳೆ ಅಂಗಡಿಯೂ ಹೋಯಿತು, ಅವನೂ ಊರು ಬಿಟ್ಟ. ಮುಂದಿನ ವರ್ಷ ಮಾವನವರು ಹಾಸಿಗೆ ಹಿಡಿದು ತೀರಿಕೊಂಡರು. ಬ್ರಹ್ಮಪ್ಪನವರು ಹಿರಿಯರಾದರು. ಆದದ್ದು ಆಗಿಹೋಗಿದೆ, ಈಗ ಯಾಕೆ ಕೆದರುವುದು, ಅಂದರು.

ಚೊಚ್ಚಲ ಬಾಣಂತನಕ್ಕೆ ನಾನು ರೋಣಕ್ಕೆ ಹೋದೆ. ಅಪ್ಪ ಎತ್ತಿನ ಕೊರಳಿನ ಹಿತ್ತಾಳೆ ಗಂಟೆಗಳಿಗೆ ನಾಲಿಗೆ ಕೂರಿಸುವ ಕೆಲಸ ಮಾಡುತ್ತಿದ್ದ. ಬಂಗಾರ ಮುಟ್ಟುವಂತಿರಲಿಲ್ಲ. ಓಣಿಯ ಹುಡುಗರು ಅವನನ್ನು ಎಲುಬಿನ ಕಾಳಪ್ಪ ಅಂತ ಕರೆಯುತ್ತಿದ್ದರು. ಅವನು ಹೌದಪ್ಪ ಅಂತ ಓಗೊಡುತ್ತಿದ್ದ. ಒಂದು ಮಧ್ಯಾಹ್ನ ಅವ್ವ ಕೆರೆಗೆ ಅರಿವೆ ಒಗೆಯಲು ಹೋಗಿದ್ದಾಗ ಕೂಸನ್ನು ಅವನ ತೊಡೆಯ ಮೇಲೆ ಹಾಕಿ ಕೇಳಿದೆ. ಅಷ್ಟು ಸಲ ಇಲ್ಲ ಅಂದವನು ನಾನು ಖರೇ ಹೇಳಿದ ಮೇಲೆ ಯಾಕೆ ಹೌದು ಅಂದೆ, ಅಂತ.

ಅವನು ಕೂಸಿನ ಬಾಯೊಳಗೆ ಬೆರಳಿಟ್ಟು ಒಸಡು ಮುಟ್ಟಿ ನೋಡುತ್ತಿದ್ದ.

"ನೀ ಮಾತಾಡೂತನಕಾ ನನಗ ಗೊತ್ತಽ ಇರಲಿಲ್ಲ, ಗಂಗವ್ವ. ಎಲುಬು ಹ್ಯಾಂಗ ಬಂತು, ನನ್ನ ಕಣ್ಣಿಗೆ ಯಾಕ ಬೀಳಲಿಲ್ಲ ಅಂತ ನಾನೂ ಒದ್ದಾಡತಿದ್ದೆ. ನೀ ಮೇಣ ಅಂದಿ. ಆವಾಗ ತಿಳೀತು. ನೀಲವ್ವನ ಹಲ್ಲು ತಿಕ್ಕಿದಾಕಿ ಯಾರು? ನಿನಗ ಮೇಣ ಕಲಿಸಿದಾಕಿ ಯಾರು? ಅವರು ಅದನ್ನಽ ಕೇಳಾಕತ್ತಿದ್ರು. ನೀ ಅವ್ವ ಅಂತ ಹೇಳತಿದ್ದಿ. ಪೆಟ್ಟಿಗಿ ತಪ್ಪು ಅನ್ನೂದಕ್ಕಿಂತ ಹೆಂಗಸರ ತಪ್ಪು ಅನ್ನೂದು ಅವರಿಗೆ ಹಗುರಿತ್ತು."

ಅಪ್ಪನನ್ನು ಉಳಿಸಲು ಹೊಸ್ತಿಲು ದಾಟಿದೆ ಅಂತ ಒಂದೂವರೆ ವರ್ಷ ನಾನು ನನಗೇ ಹೇಳಿಕೊಂಡಿದ್ದೆ. ನಾನು ಬಾಯಿ ಬಿಡದಿದ್ದರೆ ಅವನು ಇಲ್ಲ ಅಂತ ಇನ್ನೂ ಹತ್ತು ಸಲ ಅನ್ನುತ್ತಿದ್ದನೇನೋ, ದೈವ ಬೇಸತ್ತು ದಂಡ ಹಾಕಿ ಬಿಡುತ್ತಿತ್ತೇನೋ. ಹೌದು ಅನ್ನುವಂತೆ ಮಾಡಿದ್ದು ನನ್ನ ಮಾತು.

ಹೊರಗೆ ಅವ್ವನ ಹೆಜ್ಜೆಯ ಸಪ್ಪಳವಾಯಿತು. ಒದ್ದೆ ಅರಿವೆಗಳ ಬುಟ್ಟಿಯನ್ನು ತಲೆಯಿಂದ ಇಳಿಸಿ ಅಂಗಳದಲ್ಲಿ ಒಂದೊಂದೇ ಹಿಂಡಿ ಹರವತೊಡಗಿದಳು. ಅಪ್ಪ ಕೂಸನ್ನು ನನ್ನ ಕೈಗೆ ಕೊಟ್ಟು, ದನಿ ತಗ್ಗಿಸಿ, "ಚುಕ್ಕಿ ಕಂಡಿದ್ದಿಯೇನು ಅಂತ ಆಕೀನ್ನ ಎಂದೂ ಕೇಳಬ್ಯಾಡ," ಅಂದ. ಆಮೇಲೆ ಗಂಟೆಯ ನಾಲಿಗೆ ಎತ್ತಿಕೊಂಡು ಕೆಲಸಕ್ಕೆ ಕೂತ.

ಅವ್ವ ಅದಾದ ಮೇಲೆ ಇಪ್ಪತ್ತೆರಡು ವರ್ಷ ಬದುಕಿದಳು. ನಾನು ಕೇಳಲಿಲ್ಲ. ಅವಳು ಹೇಳಲಿಲ್ಲ.